ವೀರಬಾಹುವಿನ ಪಗಾರ

2022ರ ನವೆಂಬರಿನಲ್ಲಿ ದೆಹಲಿಯ ಪ್ರಗತಿ ಮೈದಾನದ ವ್ಯಾಪಾರ ಮೇಳದಲ್ಲಿ ನಮ್ಮ ಮುಂಬೈನ ಕಂಪನಿಯೊಂದು ಚಟ್ಟವನ್ನೇ ಪ್ರದರ್ಶನಕ್ಕಿಟ್ಟಿತ್ತು. ಹೆಸರು ಸುಖಾಂತ್. ಆಂಬುಲೆನ್ಸ್, ಪುರೋಹಿತರು, ಕ್ಷೌರಿಕ, ಹೆಗಲು ಕೊಡುವವರು, ಅಸ್ಥಿ ವಿಸರ್ಜನೆ ಎಲ್ಲ ಸೇರಿ ಸುಮಾರು 37,500 ರೂಪಾಯಿ ಎಂದು ಪತ್ರಿಕೆಗಳು ಬರೆದವು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡು ದಿನ ಅದೇ ಮಾತು. ಸ್ಟಾರ್ಟಪ್ ಅಂದರೆ ಇದು, ಎಕ್ಸಿಟ್ ಪ್ಲಾನ್ ಮೊದಲೇ ರೆಡಿ ಅಂತ ಒಬ್ಬ. ಎಂಥಾ ಕಾಲ ಬಂತಪ್ಪಾ, ಹೆಗಲಿಗೂ ಬಾಡಿಗೆ ಅಂತ ಇನ್ನೊಬ್ಬ. ಎರಡನೆಯವನಿಗೆ ಹೆಬ್ಬೆರಳುಗಳ ಸುರಿಮಳೆ.

ನನ್ನ ತಕರಾರು ಆ ಹೆಬ್ಬೆರಳುಗಳ ಜೊತೆ. ಹೆಗಲಿಗೆ ಬಾಡಿಗೆ ಬಂದದ್ದು 2022ರಲ್ಲೇನು? ನಮ್ಮ ಊರುಗಳಲ್ಲಿ ಸಾವಿನ ಸುದ್ದಿ ಹೊತ್ತು ಹತ್ತೂರು ನಡೆದವರು ಯಾರು, ತಮಟೆ ಬಡಿದವರು, ಸೌದೆ ಸೀಳಿದವರು, ಗುಂಡಿ ತೋಡಿದವರು ಯಾರು? ಕೇರಿಯ ಹೆಸರು ಹೇಳಬೇಕಾಗಿಲ್ಲ, ಓದುವ ಎಲ್ಲರಿಗೂ ಗೊತ್ತು. ಅವರಿಗೆ ಸಿಕ್ಕಿದ್ದು ಎರಡು ಸೇರು ಕಾಳು, ಹೆಣದ ಮೇಲಿನ ಪಂಚೆ, ದೂರದಿಂದ ಎಸೆದ ಚಿಲ್ಲರೆ. ನಮ್ಮಜ್ಜನ ಕಾಲದಲ್ಲಿ ಎಲ್ಲ ಪ್ರೀತಿಯಿಂದ ನಡೆಯುತ್ತಿತ್ತು ಎನ್ನುವವರು ಆ ಪ್ರೀತಿಯ ಲೆಕ್ಕ ಒಮ್ಮೆ ತೆಗೆದು ನೋಡಲಿ. ಈಗ ಹೊಸದಾಗಿ ಬಂದಿರುವುದು ರೇಟ್ ಕಾರ್ಡ್ ಅಷ್ಟೇ. ನನ್ನ ಮಟ್ಟಿಗೆ ಅದು ಒಂದು ಹೆಜ್ಜೆ ಮುಂದೆ.

ರೇಟ್ ಕಾರ್ಡ್ ಇಲ್ಲದ ಕಡೆ ಏನಾಗುತ್ತದೆ ಎಂದು ನಾನು ನೋಡಿದ್ದೇನೆ. ಮುಂಬೈ ಮಹಾನಗರಪಾಲಿಕೆ ಒಂದು ಹೆಣಕ್ಕೆ 300 ಕಿಲೋ ಸೌದೆ ಪುಕ್ಕಟೆ ಕೊಡುತ್ತದೆ. ದೊಡ್ಡ ಮಾತೇ. ಕೆಲವು ವರ್ಷಗಳ ಹಿಂದೆ ನಮ್ಮ ಟೀಮಿನ ಹುಡುಗನೊಬ್ಬನ ತಂದೆ ಮನೆಯಲ್ಲೇ ತೀರಿಕೊಂಡರು. ರಾತ್ರಿ ಉಪನಗರದ ಒಂದು ಸ್ಮಶಾನಕ್ಕೆ ಹೋದೆವು. ಡಾಕ್ಟರ ಫಾರ್ಮ್ 4ಎ, ಆಧಾರ್ ಪ್ರತಿ, ರಿಜಿಸ್ಟರಿನಲ್ಲಿ ಸಹಿ, ಎಲ್ಲ ಹದಿನೈದು ನಿಮಿಷದಲ್ಲಿ ಮುಗಿಯಿತು. ಆಮೇಲಿನದೆಲ್ಲ ಇಬ್ಬರು ಮನುಷ್ಯರ ಕೆಲಸ. ಆ 300 ಕಿಲೋ ತೂಗಿ, ಹೊತ್ತು, ಜೋಡಿಸಿದವರು ಅವರು. ಗಾಳಿ ಯಾವ ಕಡೆಯಿಂದ ಎಂದು ನೋಡಿ ಮಗನನ್ನು ಸರಿಯಾದ ಬದಿಗೆ ನಿಲ್ಲಿಸಿದವರೂ ಅವರೇ. ನಾವು ಅರ್ಧ ಗಂಟೆಗೆ ಫೋನ್ ತೆಗೆದೆವು. ಅವರು ಉದ್ದನೆಯ ಬಿದಿರು ಹಿಡಿದು ಇನ್ನೂ ಗಂಟೆಗಟ್ಟಲೆ ಆ ಬೆಂಕಿಯ ಮುಂದೆಯೇ ಇರಬೇಕು. ಕಾಲಲ್ಲಿ ಹವಾಯಿ ಚಪ್ಪಲಿ. ಹೊರಡುವಾಗ ಎಷ್ಟು ಕೊಡಬೇಕು ಎಂದು ಕೇಳಿದೆ. 'ಖುಷೀನೇ ದ್ಯಾ' ಎಂದ ಒಬ್ಬ. ಖುಷಿಯಿಂದ ಕೊಡಿ! ಆ ಹೊತ್ತಿನಲ್ಲಿ ಯಾರಿಗೆ ಖುಷಿ? ನಮ್ಮವರು ಗೇಟಿನ ಬಳಿ ಗುಸುಗುಸು ಚೌಕಾಸಿ ನಡೆಸಿದರು: ಐನೂರು ಸಾಕಾ, ಇಬ್ಬರಿಗೂ ಬೇರೆ ಬೇರೆ ಕೊಡಬೇಕಾ, ಇವರಿಗೆ ಪಾಲಿಕೆ ಸಂಬಳ ಇರುತ್ತಲ್ಲ. ಇರುತ್ತದಾ ಎಂದು ಯಾರಿಗೂ ಗೊತ್ತಿರಲಿಲ್ಲ, ಅವರನ್ನೇ ಕೇಳೋಣ ಎಂದೂ ಯಾರಿಗೂ ಹೊಳೆಯಲಿಲ್ಲ.

ಈ ನಗರದಲ್ಲಿ 2019ರಲ್ಲಿ ಸತ್ತವರು ಸುಮಾರು 91 ಸಾವಿರ. ಅಂದರೆ ದಿನಕ್ಕೆ ಇನ್ನೂರೈವತ್ತರ ಹತ್ತಿರ. 2020ರಲ್ಲಿ ಆ ಸಂಖ್ಯೆ 1 ಲಕ್ಷ 10 ಸಾವಿರ ದಾಟಿತು. ನಾವು ವರ್ಕ್ ಫ್ರಂ ಹೋಮ್ ಇದ್ದ ಕಾಲ ಅದು. ಬಾಂದ್ರಾದ ಖಬರಸ್ತಾನಗಳಲ್ಲಿ ಕೋವಿಡ್ ಹೆಣ ಹೂಳಬೇಡಿ ಎಂದು ಅಕ್ಕಪಕ್ಕದವರು ಕೋರ್ಟಿಗೆ ಹೋದರು. 2020ರ ಮೇ 22ರಂದು ಬಾಂಬೆ ಹೈಕೋರ್ಟ್ ಆ ಅರ್ಜಿ ತಳ್ಳಿಹಾಕಿ, ಗೌರವದ ಅಂತ್ಯಸಂಸ್ಕಾರವೂ ಸಂವಿಧಾನದ 21ನೇ ವಿಧಿಯ ಹಕ್ಕು ಎಂದಿತು. ಸತ್ತವನ ಹಕ್ಕು ಹೀಗೆ ಗಟ್ಟಿಯಾಯಿತು. ಅವನನ್ನು ಸುಡುವವನದು? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2021ರ ಮೇ ತಿಂಗಳಲ್ಲಿ, ಸ್ಮಶಾನದ ಸಿಬ್ಬಂದಿಗೆ ನ್ಯಾಯವಾದ ಕೂಲಿ ಕೊಡಿ, ಲಸಿಕೆಯಲ್ಲಿ ಆದ್ಯತೆ ಕೊಡಿ ಎಂದು ಸಲಹೆ ನೀಡಿತು. ಹಕ್ಕು ಒಬ್ಬನಿಗೆ, ಸಲಹೆ ಇನ್ನೊಬ್ಬನಿಗೆ.

ನಮ್ಮ ಕರ್ನಾಟಕ ಇನ್ನೂ ಚೆಂದದ ದಾರಿ ಹಿಡಿಯಿತು. ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ ಸ್ಮಶಾನ ಕಾರ್ಮಿಕರನ್ನು ಮನೆಗೆ ಕರೆದು ತಿಂಡಿ ಕೊಟ್ಟರು, ಕೆಲಸ ಕಾಯಂ ಮಾಡುವ ಮಾತಾಡಿದರು, ಜೊತೆಗೆ 'ಸತ್ಯ ಹರಿಶ್ಚಂದ್ರ ಬಳಗ' ಎಂದು ಹೆಸರನ್ನೂ ಇಟ್ಟರು. ಕಾಯಂ ಮಾಡುವುದಾದರೆ ಕೈಮುಗಿಯೋಣ. ಹೆಸರು ಮಾತ್ರ ನನಗೆ ಒಗ್ಗದು. ಹರಿಶ್ಚಂದ್ರ ರಾಜ. ಕಾಶಿಯ ಸುಡುಗಾಡಿಗೆ ಬಂದದ್ದು ಡೆಪ್ಯುಟೇಶನ್ ಮೇಲೆ. ಪರೀಕ್ಷೆ ಮುಗಿಯಿತು, ಕಿರೀಟ ಮರಳಿತು. ಅವನನ್ನು ಕೊಂಡುಕೊಂಡ, ಆ ಸುಡುಗಾಡು ಯಾರದ್ದೋ ಆ ವೀರಬಾಹುವಿನ ಹೆಸರಲ್ಲಿ ಒಂದಾದರೂ ಬಳಗವಿದೆಯೇ? 1965ರ ಸಿನಿಮಾದಲ್ಲಿ ಎಂ.ಪಿ. ಶಂಕರ್ ಆ ಪಾತ್ರ ಮಾಡಿದ್ದರು ಎನ್ನುವಷ್ಟಕ್ಕೆ ನಮ್ಮ ನೆನಪು ಮುಗಿಯುತ್ತದೆ. ರಾಘವಾಂಕ ಹೇಳಿದ ಕಥೆಯನ್ನೇ ಒಮ್ಮೆ ನೆನೆಯಿರಿ: ಸ್ವಂತ ಮಗನ ಹೆಣ ಮುಂದಿದ್ದರೂ, ಹೆಂಡತಿಯೇ ಬೇಡಿಕೊಂಡರೂ ಹರಿಶ್ಚಂದ್ರ ಸ್ಮಶಾನದ ಸುಂಕ ಬಿಡಲಿಲ್ಲ. ಅಂದರೆ ವೀರಬಾಹುವಿನ ಸುಡುಗಾಡಿನಲ್ಲಿ ನಿಗದಿಯಾದ ದರವಿತ್ತು. ಖುಷಿಗೆ ಕೊಡಿ ಇರಲಿಲ್ಲ.

ಇದು ಪುಣ್ಯದ ಕೆಲಸ, ದುಡ್ಡಿನಲ್ಲಿ ಅಳೆಯಬಾರದು ಎಂದು ಯಾರಾದರೂ ಹೇಳಿದರೆ ನನಗೆ ಅಪ್ರೈಸಲ್ ಮೀಟಿಂಗುಗಳು ನೆನಪಾಗುತ್ತವೆ. ಹೈಕ್ ಕೊಡಲು ಮನಸ್ಸಿಲ್ಲದಾಗ ಮ್ಯಾನೇಜರುಗಳು (ನನ್ನ ಜಾತಿಯವರೇ) ಬಳಸುವ ಭಾಷೆ ಅದು. ಅಷ್ಟು ಪುಣ್ಯವಿದ್ದರೆ ನಮ್ಮ ಮಕ್ಕಳು ಕ್ಯಾಂಪಸ್ ಸೆಲೆಕ್ಷನ್ನಿನಲ್ಲಿ ಅದಕ್ಕೆ ಸಾಲು ನಿಲ್ಲುತ್ತಿದ್ದರು.

ಹಾಗೆಂದು ಕಂಪನಿಗಳಿಗೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಪ್ಯಾಕೇಜಿನಲ್ಲಿ 'ಹೆಗಲು ಕೊಡುವವರು' ಎಂದು ಒಂದು ಸಾಲಿದೆಯಲ್ಲ, ಆ ಸಾಲಿನಲ್ಲಿರುವವರು ಯಾರು? ತಿಂಗಳ ಸಂಬಳವೋ, ಹೆಣಕ್ಕೆ ಇಷ್ಟೆಂದೋ? ನಾವು ವೆಂಡರ್ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಪಿಎಫ್ ಚಲನ್ ಕೇಳುತ್ತೇವೆ. ನಾಳೆ ಅಪ್ಪ-ಅಮ್ಮನ ಹೆಸರಲ್ಲಿ ಇಂಥ ಪ್ಯಾಕೇಜ್ ಕೊಳ್ಳುವವರೂ ಅದನ್ನೇ ಕೇಳಬೇಕು. ಕೊಳ್ಳುತ್ತೇವೆ, ಅನುಮಾನ ಬೇಡ. ಮಗ ಡಲ್ಲಾಸಿನಲ್ಲಿ, ತಂದೆ ಡೊಂಬಿವಲಿಯಲ್ಲಿ, ನಾಲ್ಕು ಹೆಗಲು ಎಲ್ಲಿಂದ ಬರಬೇಕು?

ಮುಂಬೈ ಕನ್ನಡಿಗರ ಸಂಘಗಳಿಗೆ ನೂರರ ಹತ್ತಿರದ ಇತಿಹಾಸವಿದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಜಾತಿಗೊಂದು ಸಂಘವೂ ಇದೆ, ಯಾರಾದರೂ ಸತ್ತರೆ ಮೊದಲ ಫೋನು ಅಲ್ಲಿಗೇ. ಶ್ರದ್ಧಾಂಜಲಿ ಸಭೆಯನ್ನು ನಾವು ಚೆನ್ನಾಗಿ ಮಾಡುತ್ತೇವೆ. ಸುಟ್ಟವನಿಗೆ ಮಾತ್ರ ಅಲ್ಲಿ ಕುರ್ಚಿಯಿಲ್ಲ. ಸನ್ಮಾನದ ಶಾಲು ಹೊದಿಸಿ ಎಂದು ನಾನು ಕೇಳುತ್ತಿಲ್ಲ, ಶಾಲು ಬೇಕಾದಷ್ಟಾಯಿತು.

ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಬರೆದಿಟ್ಟಿದ್ದೇನೆ. ನಮ್ಮ ವಾರ್ಡಿನ ಸ್ಮಶಾನಗಳಲ್ಲಿ ಕಾಯಂ ನೌಕರರೆಷ್ಟು, ಗುತ್ತಿಗೆಯವರೆಷ್ಟು, ದಿನಗೂಲಿ ಎಷ್ಟು, ಪಿಎಫ್ ಕಟ್ಟುತ್ತಾರೆಯೇ, ಬೂಟು-ಕೈಗವಸು ಕೊನೆಯ ಸಲ ಕೊಟ್ಟ ತಾರೀಖು ಯಾವುದು. ಮಹಾರಾಷ್ಟ್ರದ ನಿಯಮದಂತೆ ಅರ್ಜಿ 150 ಪದ ಮೀರಬಾರದು; ಮೀರಿಲ್ಲ. ಶುಲ್ಕ ಹತ್ತು ರೂಪಾಯಿ. ಸಂಪಾದಕರಿಗೆ ಒಂದು ಪ್ರತಿ ಕಳಿಸಿದ್ದೇನೆ, ಬೇಕಾದವರು ಅವರಿಂದ ಪಡೆದು ತಮ್ಮ ತಮ್ಮ ವಾರ್ಡಿನ ಹೆಸರು ತುಂಬಿಕೊಳ್ಳಿ. ಮರಾಠಿ ಅನುವಾದ ಯಾರಾದರೂ ಮಾಡಿಕೊಟ್ಟರೆ ಕೆಲಸ ಬೇಗ ಆದೀತು.