ಹಳೆಯ ಯಂತ್ರಕ್ಕೆ ಹೊಸ ಕಾರ್ಡು

ಹಳೆಯ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಕೊಳ್ಳಲು ಹೊರಟವನಿಗೆ ಸಲಹೆಗಾರರ ಬರವಿಲ್ಲ. ಹಾಸ್ಟೆಲಿನ ಗೆಳೆಯರು, ಸೋದರಮಾವ, ಅಂಗಡಿಯವರು, ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: "ಕೈಯಲ್ಲಿ ಹಣವೆಷ್ಟಿದೆ?" ಅಷ್ಟು ಹಣಕ್ಕೆ ದೊರೆಯುವ ಅತ್ಯಂತ ಬಲವಾದ ಕಾರ್ಡನ್ನು ತೆಗೆದುಕೋ ಎಂಬುದೇ ಅವರ ತೀರ್ಪು. ಈ ತೀರ್ಪು ತಪ್ಪೆಂಬುದು ನನ್ನ ಅಭಿಪ್ರಾಯ. ಮೊದಲು ಕೇಳಬೇಕಾದುದು, ಮನೆಯಲ್ಲಿರುವ ಯಂತ್ರವು ಎಷ್ಟು ಭಾರವನ್ನು ಹೊರಬಲ್ಲದು ಎಂಬುದನ್ನು. ಕಲಾ ವಿಭಾಗದವನಿಗೆ ಈ ಅಧಿಕಪ್ರಸಂಗವೇಕೆಂದು ನಗುವವರು ನಗಲಿ; ಸ್ಕಾಲರ್‌ಷಿಪ್ಪಿನ ಹಣ ನೀರಿನಲ್ಲಿ ಹೋದೀತೆಂಬ ಭಯ ಎಲ್ಲ ವಿಭಾಗದವರಿಗೂ ಒಂದೇ.

ನನ್ನದು ಡೆಲ್ ಆಪ್ಟಿಪ್ಲೆಕ್ಸ್ 7020. 2014ರ ಕಾಲದ್ದು, ಯಾವುದೋ ಕಚೇರಿಯಲ್ಲಿ ದುಡಿದು ನಿವೃತ್ತಿಯಾದುದನ್ನು 9,000 ರೂಪಾಯಿಗೆ ಕೊಂಡೆವು. ಪತ್ರ ಬರೆಯಲು, ಪಾಠ ಓದಲು ಅದಕ್ಕೆ ಯಾವ ಕುಂದೂ ಇಲ್ಲ. ಆದರೆ ನಮ್ಮೂರಿನ ಮೂಡಲಪಾಯದ ಆಟವನ್ನು ಕಳೆದ ಸುಗ್ಗಿಯಲ್ಲಿ ನಾನು ಫೋನಿನಲ್ಲಿ ಇಡೀ ರಾತ್ರಿ ಚಿತ್ರೀಕರಿಸಿದೆನು. ಭಾಗವತರಿಗೆ ಎಂಬತ್ತು ದಾಟಿದೆ. ಅವರ ಬಾಯಲ್ಲಿರುವ ಪದಗಳನ್ನು ಕಲಿತವರು ಇನ್ನಿಬ್ಬರು ಮಾತ್ರ. ಆ ಚಿತ್ರವನ್ನು ಕತ್ತರಿಸಿ ಜೋಡಿಸಲು ಕುಳಿತರೆ, ವೇಷ ಒಂದು ಹೆಜ್ಜೆ ಇಟ್ಟು ನಿಲ್ಲುವುದು, ಮದ್ದಳೆ ಮಾತ್ರ ಮುಂದೆ ಓಡುವುದು! ಕಾರಣ ಸರಳ. ಈಗಿನ ಫೋನುಗಳು ಚಿತ್ರವನ್ನು ಮಡಿಸಿಡುವ ಎಚ್.265 ಎಂಬ ಕ್ರಮ 2013ರಲ್ಲಿ ಬಂದದ್ದು. ಅದನ್ನು ಬಿಡಿಸುವುದಕ್ಕೆಂದೇ ಮಾಡಿದ ಪೂರ್ಣ ಅಂಗ ನನ್ನ ಐ5-4590 ಪ್ರೊಸೆಸರಿನಲ್ಲಿಲ್ಲ. ಅಂಥ ಅಂಗವುಳ್ಳ ಕಾರ್ಡೊಂದು ಬೇಕಾಗಿತ್ತು. ಕಾರ್ಡು ಬಂದರೆ ಆಟ ಆಡಬಹುದೆಂದು ನನ್ನ ತಮ್ಮನೂ ಈ ಧರ್ಮಕಾರ್ಯಕ್ಕೆ ಬೆಂಬಲ ಸೂಚಿಸಿದನು.

ಕೊಳ್ಳುವ ಮೊದಲು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದೆನು. ಎಲ್ಲರೂ ಮಾಡಬೇಕಾದ, ಯಾರೂ ಮಾಡದ ಕೆಲಸ ಇದೇ. ವಿದ್ಯುತ್ತನ್ನು ಹಂಚುವ ಡಬ್ಬಿಯ ಮೇಲೆ 290 ವಾಟ್ ಎಂದು ಬರೆದಿತ್ತು. ಪ್ರೊಸೆಸರಿಗೆ 84 ವಾಟ್ ಬೇಕು. ಕಾರ್ಡು ಕೂರುವ ಪಿ.ಸಿ.ಐ. ಎಕ್ಸ್‌ಪ್ರೆಸ್ ಗೂಡು ತಾನೇ ಕೊಡಬಲ್ಲದ್ದು ಹೆಚ್ಚೆಂದರೆ 75 ವಾಟ್. ಅದಕ್ಕಿಂತ ಹೆಚ್ಚು ಉಣ್ಣುವ ಕಾರ್ಡಿಗೆ ಡಬ್ಬಿಯಿಂದಲೇ ಬೇರೆ ತಂತಿ ಬರಬೇಕು: ಆರು ಪಿನ್ನಿನದು ಇನ್ನೂ 75, ಎಂಟು ಪಿನ್ನಿನದು 150 ವಾಟ್ ತರುತ್ತದೆ. ನನ್ನ ಡಬ್ಬಿಯಲ್ಲಿ ಆ ಎರಡು ತಂತಿಗಳೂ ಇರಲಿಲ್ಲ. ಡಬ್ಬಿಯನ್ನೇ ಬದಲಿಸೋಣವೆಂದರೆ, ಪೇಟೆಯಲ್ಲಿ ಸಿಗುವ ಸಾಮಾನ್ಯ ಡಬ್ಬಿಯ ಮುಖ್ಯ ಪ್ಲಗ್ಗಿಗೆ 24 ಪಿನ್ನು, ಈ ಯಂತ್ರದ ಬೋರ್ಡಿಗೆ 8 ಪಿನ್ನು. ನಡುವೆ ಮತ್ತೊಂದು ಜೋಡಣೆ ಕೊಳ್ಳಬೇಕು. ಅಂತೂ ನನ್ನ ಮಿತಿ 75 ವಾಟ್ ಎಂದು ಗೊತ್ತಾಯಿತು. ಅರ್ಧ ಆಯ್ಕೆ ಅಲ್ಲಿಯೇ ಮುಗಿಯಿತು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆನು. ಮೊದಲ ಅಂಗಡಿಯವರು ಆರ್.ಎಕ್ಸ್. 580 ಎಂಬ ಬಳಸಿದ ಕಾರ್ಡನ್ನು ಮುಂದಿಟ್ಟು, ಈ ಬೆಲೆಗೆ ಇಷ್ಟು ಬಲ ಎಲ್ಲಿಯೂ ಇಲ್ಲವೆಂದರು. ಮಾತು ಸುಳ್ಳಲ್ಲ. ಆದರೆ ಅದು ಉಣ್ಣುವುದು 185 ವಾಟ್. "ತಂತಿ ಎಳೆದು ಕೊಡುತ್ತೇವೆ" ಎಂದು ಅಭಯವಿತ್ತರು. ಬಿಸಿಯಾಗಿ ಸುಟ್ಟರೆ ಅಭಯವೂ ಜೊತೆಗೇ ಸುಡುತ್ತದೆಂದು ನಾನು ಒಪ್ಪಲಿಲ್ಲ. ಇನ್ನೊಂದು ಸಂಶಯವೂ ಇತ್ತು. ಇಥೀರಿಯಮ್ ನಾಣ್ಯವನ್ನು ಕಾರ್ಡುಗಳಿಂದ ಅಗೆಯುವ ವಿಧಾನ 2022ರ ಸೆಪ್ಟೆಂಬರಿನಲ್ಲಿ ನಿಂತಮೇಲೆ, ಹಗಲಿರುಳು ದುಡಿದ ಕಾರ್ಡುಗಳು ಬಳಸಿದ ಸರಕಿನ ಪೇಟೆಗೆ ಬಂದುವು. ಅರ್ಧ ಗಂಟೆ ಓಡಿಸಿ ತೋರಿಸಿರೆಂದು ಕೇಳಿದೆನು, ಗಿರಾಕಿಗಳು ಕಾದಿದ್ದಾರೆಂದರು. ನಮಸ್ಕಾರ ಹೇಳಿ ಹೊರಬಿದ್ದೆನು.

75 ವಾಟಿನೊಳಗೂ ಬಲೆಗಳಿವೆ. ಜಿ.ಟಿ. 1030 ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಸರಕುಂಟು. 2017ರದರ ನೆನಪಿನ ವೇಗ ಸೆಕೆಂಡಿಗೆ 48 ಗಿಗಾಬೈಟ್. 2018ರಲ್ಲಿ ಬಂದ ಡಿ.ಡಿ.ಆರ್. 4 ನೆನಪಿನದಕ್ಕೆ 17 ಕೂಡ ಇಲ್ಲ. ಹೆಸರು ನೋಡಿ ಹಣ ಕೊಟ್ಟವನ ಗತಿಯೇನು? ಆರ್.ಎಕ್ಸ್. 6400 (2022) ಕೇವಲ 53 ವಾಟಿನದು, ನನಗೆ ಹೇಳಿ ಮಾಡಿಸಿದಂತಿದೆ ಎಂದುಕೊಂಡೆನು. ಆದರೆ ಅದಕ್ಕೆ ನಾಲ್ಕೇ ದಾರಿಗಳು. ನಾಲ್ಕನೆಯ ತಲೆಮಾರಿನ ಗೂಡನ್ನು ನಂಬಿ ಮಾಡಿದ್ದು, ನನ್ನ ಮೂರನೆಯ ತಲೆಮಾರಿನ ಗೂಡಿನಲ್ಲಿ ಕುಂಟುತ್ತದೆ. ಮೇಲಾಗಿ ಚಿತ್ರವನ್ನು ಮತ್ತೆ ಮಡಿಸಿಡುವ ಅಂಗವೇ ಅದರಲ್ಲಿಲ್ಲ. ಇಂಟೆಲ್ಲಿನ ಎ380 ಚೆನ್ನಾಗಿ ದುಡಿಯಬೇಕಾದರೆ ರೀಸೈಜಬಲ್ ಬಾರ್ ಎಂಬ ಹೊಸ ಅನುಕೂಲ ಬೇಕು; ನನ್ನ ಬೋರ್ಡಿಗೆ ಅದು ಬಾರದು. 2024ರ ಆರ್.ಟಿ.ಎಕ್ಸ್. 3050, ಆರು ಗಿಗಾಬೈಟಿನದು, 70 ವಾಟಿನ ಸೊಗಸಾದ ಕಾರ್ಡು; ಬೆಲೆ ಮಾತ್ರ ಯಂತ್ರಕ್ಕಿಂತ ಹೆಚ್ಚು. ಉಳಿದವು ಎರಡು: 2016ರ ಜಿ.ಟಿ.ಎಕ್ಸ್. 1050 ಟಿ.ಐ., 2019ರ ಜಿ.ಟಿ.ಎಕ್ಸ್. 1650. ಮೊದಲನೆಯದು ಅಗ್ಗ. ಆದರೆ ಅದರ ತಲೆಮಾರಿಗೆ ಕಾಲಕಾಲಕ್ಕೆ ಬರುತ್ತಿದ್ದ ಹೊಸ ಡ್ರೈವರುಗಳು 2025ರ ಅಕ್ಟೋಬರಿಗೆ ಮುಗಿದುವು. ಆದ್ದರಿಂದ ಎರಡನೆಯದನ್ನೇ, ಅದೂ ಬಳಸಿದ್ದನ್ನು, ಓಡಿಸಿ ನೋಡಿ, 7,000 ರೂಪಾಯಿಗೆ ಕೊಂಡೆನು. ಕೆಲವು ತಯಾರಕರು 1650ಕ್ಕೂ ಆರು ಪಿನ್ನಿನ ಪ್ಲಗ್ಗು ಇಟ್ಟಿದ್ದಾರೆ. ವಾಚಕರು ಕೊಳ್ಳುವಾಗ ಅಂಚನ್ನು ನೋಡಬೇಕು.

ವಾಣಿಜ್ಯ ವಿಭಾಗದ ನನ್ನ ಮಿತ್ರನೊಬ್ಬನು ಇದೆಲ್ಲವೂ ಮುದಿ ಎತ್ತಿಗೆ ಗೆಜ್ಜೆ ಕಟ್ಟುವ ಕೆಲಸವೆಂದನು. ವಿಂಡೋಸ್ 10ರ ಸಾಮಾನ್ಯ ಪೋಷಣೆ 2025ರ ಅಕ್ಟೋಬರ್ 14ಕ್ಕೆ ನಿಂತಿತು, 11 ನಿನ್ನ ಪ್ರೊಸೆಸರನ್ನು ಒಪ್ಪುವುದಿಲ್ಲ, ಹಣ ಕೂಡಿಸಿ ಹೊಸದನ್ನೇ ಕೊಳ್ಳು ಎಂಬುದು ಅವನ ವಾದ. ಅದರಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಆದರೆ ಹಣ ಕೂಡಲು ಎರಡು ವರ್ಷ ಬೇಕು. ಭಾಗವತರನ್ನು ಎರಡು ವರ್ಷ ಕಾಯಿಸುವುದು ಯಾರ ಕೈಯಲ್ಲಿದೆ? ನಾಳೆ ಹೊಸ ಯಂತ್ರ ಬಂದರೆ ಈ ಕಾರ್ಡು ಅದರಲ್ಲಿಯೂ ಕೂರುತ್ತದೆ.

ನನ್ನ ಲೆಕ್ಕವೂ ಒಂದೆಡೆ ತಪ್ಪಿತೆಂದು ಒಪ್ಪಬೇಕು. ನಮ್ಮ ಮಾನಿಟರಿಗಿರುವುದು ವಿ.ಜಿ.ಎ. ಮೂತಿ, ಕಾರ್ಡಿನಲ್ಲಿ ಅದು ಇಲ್ಲವೇ ಇಲ್ಲ. ಪರಿವರ್ತಕವೊಂದನ್ನು ತರಿಸುವವರೆಗೆ ಕಾರ್ಡು ನಾಲ್ಕು ದಿನ ಸುಮ್ಮನೆ ಕುಳಿತಿತ್ತು. ತಮ್ಮನು ಆ ನಾಲ್ಕು ದಿನವೂ ನನ್ನ ವಿದ್ವತ್ತನ್ನು ಊರೆಲ್ಲ ಹೊಗಳಿದನು.

ಈಗ ವೇಷವೂ ಮದ್ದಳೆಯೂ ಕೂಡಿಯೇ ನಡೆಯುತ್ತವೆ. ಭಾಗವತರು ಮನೆಗೆ ಬಂದು, ಕನ್ನಡಕ ಒರೆಸಿಕೊಂಡು, ತಮ್ಮ ಪದವನ್ನು ತಾವೇ ಕೇಳಿದರು. ಬೆಳಗಿನ ಜಾವದಲ್ಲಿ ಮದ್ದಳೆಯವನು ತಾಳ ತಪ್ಪಿದ್ದನ್ನು ಹಿಡಿದು ಬೈದರು. ಆ ಭಾಗವನ್ನು ಕತ್ತರಿಸಬೇಕೋ ಬೇಡವೋ ಎಂಬ ಚರ್ಚೆ ನಮ್ಮೂರಿನಲ್ಲಿ ಇನ್ನೂ ಮುಗಿದಿಲ್ಲ.