ಬೀದಿಯ ಹಾಡಿಗೆ ಎಷ್ಟು ಕೊಡಬೇಕು?

ಬ್ಯಾಂಕಿನ ಕೌಂಟರಿನಲ್ಲಿ ಕೂತು ಚಿಲ್ಲರೆ ಎಣಿಸಿದವನಿಗೆ ಯಾವ ಸಂಗತಿ ಓದಿದರೂ ಕಣ್ಣು ಮೊದಲು ಓಡುವುದು ಅಂಕಿಗಳ ಕಡೆಗೇ. ಈ ವಾರ ಒಂದು ವಯೊಲಿನ್ ಪೆಟ್ಟಿಗೆಯೊಳಗೆ ಬಿದ್ದ ಹಣದ ಲೆಕ್ಕ ಹೇಳುತ್ತೇನೆ. ಒಟ್ಟು ಮೊತ್ತ 32 ಡಾಲರ್ 17 ಸೆಂಟ್. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೂ ಓದಿ ಹೇಳಿ. ಈ ಲೆಕ್ಕದಲ್ಲಿ ಪಾಸಾದವರು ಅವರೇ.

2007ರ ಜನವರಿ 12, ಶುಕ್ರವಾರ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಲಾನ್‌ಫಾಂಟ್ ಪ್ಲಾಜಾ ಎಂಬ ಮೆಟ್ರೊ ನಿಲ್ದಾಣ. ಬೆಳಗ್ಗೆ 8 ಗಂಟೆಗೆ ಇನ್ನೂ ಒಂಬತ್ತು ನಿಮಿಷವಿತ್ತು. ಜೀನ್ಸ್ ಪ್ಯಾಂಟು, ಉದ್ದ ತೋಳಿನ ಟೀ ಶರ್ಟು, ತಲೆಗೆ ಬೇಸ್‌ಬಾಲ್ ಟೋಪಿ ಹಾಕಿದ ಒಬ್ಬಾತ ಬಂದು ಕಸದ ಡಬ್ಬಿಯ ಪಕ್ಕ ಗೋಡೆಗೆ ಬೆನ್ನು ಮಾಡಿ ನಿಂತ. ವಯೊಲಿನ್ ಹೊರತೆಗೆದು ಪೆಟ್ಟಿಗೆಯನ್ನು ಕಾಲ ಬಳಿ ತೆರೆದಿಟ್ಟ. ತನ್ನದೇ ಜೇಬಿನಿಂದ ಒಂದೆರಡು ನೋಟು, ಒಂದಿಷ್ಟು ಚಿಲ್ಲರೆ ಅದರೊಳಗೆ ಹಾಕಿದ. ನಮ್ಮ ಸಂತೆಯ ವ್ಯಾಪಾರಿಗಳು ಬೋಣಿಗೆ ಕಾಯುತ್ತಾರೆ. ಈತ ತಾನೇ ಬೋಣಿ ಮಾಡಿಕೊಂಡ. ಖಾಲಿ ಪೆಟ್ಟಿಗೆಗೆ ಮೊದಲ ಕಾಸು ಹಾಕಲು ಜನ ಹಿಂಜರಿಯುತ್ತಾರೆ ಎಂಬುದು ಬೀದಿಯಲ್ಲಿ ನುಡಿಸುವವರಿಗೆಲ್ಲ ಗೊತ್ತಿರುವ ಗುಟ್ಟು. ಆಮೇಲೆ ನುಡಿಸಲು ಶುರುಮಾಡಿದ.

ಆತ ಜೋಶುವಾ ಬೆಲ್. ಜಗತ್ತಿನ ದೊಡ್ಡ ವಯೊಲಿನ್ ವಾದಕರಲ್ಲಿ ಒಬ್ಬರು. ಅದಕ್ಕೆ ಮೂರು ದಿನ ಮೊದಲಷ್ಟೇ ಬಾಸ್ಟನ್ ನಗರದ ಸಿಂಫನಿ ಹಾಲ್‌ನಲ್ಲಿ ಅವರ ಕಛೇರಿಯಾಗಿತ್ತು. ಅಲ್ಲಿ ಸುಮಾರಾದ ಸೀಟಿಗೂ 100 ಡಾಲರ್. ಕೈಯಲ್ಲಿದ್ದ ವಯೊಲಿನ್ 1713ರಲ್ಲಿ ಇಟಲಿಯ ಆಂಟೋನಿಯೊ ಸ್ಟ್ರಾಡಿವರಿ ಮಾಡಿದ್ದು, ಬೆಲೆ ಸುಮಾರು 35 ಲಕ್ಷ ಡಾಲರ್. ಇಳಿದುಕೊಂಡಿದ್ದ ಹೋಟೆಲಿನಿಂದ ನಿಲ್ದಾಣ ಮೂರೇ ಬೀದಿ ದೂರ. ಆದರೂ ಆ ವಾದ್ಯ ಜೊತೆಗಿದ್ದುದರಿಂದ ಟ್ಯಾಕ್ಸಿ ಹಿಡಿದು ಬಂದಿದ್ದರಂತೆ! ಏರ್ಪಾಟು ಮಾಡಿದ್ದು ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ. ಹೆಸರಿಲ್ಲದೆ, ವೇದಿಕೆಯಿಲ್ಲದೆ ಶ್ರೇಷ್ಠ ಸಂಗೀತ ಕಿವಿಗೆ ಬಿದ್ದರೆ ಜನ ನಿಲ್ಲುತ್ತಾರೆಯೇ ಎಂದು ನೋಡಬೇಕಿತ್ತು. ಗುಟ್ಟಾಗಿ ಒಂದು ಕ್ಯಾಮೆರಾ ಇಟ್ಟಿದ್ದರು. ಇದನ್ನು ಬರೆದ ಜೀನ್ ವೈನ್‌ಗಾರ್ಟನ್ ಅವರಿಗೆ 2008ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಈಗ ಲೆಕ್ಕ. ಬೆಲ್ ನುಡಿಸಿದ್ದು 43 ನಿಮಿಷ. ಎದುರಿಗೆ ಹಾದುಹೋದವರು 1,097 ಮಂದಿ. ಒಂದು ನಿಮಿಷವಾದರೂ ನಿಂತು ಕೇಳಿದವರು ಏಳು ಜನ. ಹಣ ಹಾಕಿದವರು 27 ಜನ, ಅವರಲ್ಲೂ ಹೆಚ್ಚಿನವರು ನಡೆಯುತ್ತ ನಡೆಯುತ್ತಲೇ ಎಸೆದು ಹೋದವರು. ಒಂದೊಂದು ಸೆಂಟಿನ ಬಿಲ್ಲೆ ಹಾಕಿದವರೂ ಇದ್ದರು. ಕೊನೆಯಲ್ಲಿ ಒಬ್ಬ ಮಹಿಳೆ ಗುರುತು ಹಿಡಿದು 20 ಡಾಲರ್ ಕೊಟ್ಟರು. ಹೆಸರು ನೋಡಿ ಕೊಟ್ಟಿದ್ದು ಎಂದು ಪತ್ರಿಕೆಯವರು ಅದನ್ನು ಮೊತ್ತಕ್ಕೆ ಸೇರಿಸಲಿಲ್ಲ. ಲೆಕ್ಕ ಬರೆಯುವವನಾಗಿ ಆ ಶಿಸ್ತಿಗೆ ತಲೆದೂಗಿದೆ. ಅಲ್ಲೇ ಪಕ್ಕದಲ್ಲಿ ಲಾಟರಿ ಮಾರುವ ಅಂಗಡಿಯಿತ್ತು. ಸಾಲಿನಲ್ಲಿ ನಿಂತವರು ಅದೃಷ್ಟವನ್ನು ಕೊಳ್ಳಲು ಕಾದಿದ್ದರು. ಬೆನ್ನ ಹಿಂದೆ ಪುಕ್ಕಟೆಯಾಗಿ ಸಿಗುತ್ತಿದ್ದುದರ ಕಡೆ ತಿರುಗಿ ನೋಡಲಿಲ್ಲ.

ದುಡ್ಡು ಕಡಿಮೆ ಬಂತೆಂದು ಬೆಲ್ ಅವರಿಗೆ ಬೇಸರವಾಗಲಿಲ್ಲ. ಕಷ್ಟವಾದದ್ದು ಒಂದು ಕೃತಿ ಮುಗಿದು ಇನ್ನೊಂದು ಶುರುವಾಗುವ ನಡುವಿನ ಗಳಿಗೆ. ಸಭಾಂಗಣದಲ್ಲಾದರೆ ಕೊನೆಯ ಸ್ವರದ ಹಿಂದೆಯೇ ಚಪ್ಪಾಳೆ ಬರುತ್ತದೆ. ಇಲ್ಲಿ ಹದಿನಾಲ್ಕು ನಿಮಿಷದ ಬಾಖ್ ಕೃತಿಯೊಂದನ್ನು ಮುಗಿಸಿ ಬಿಲ್ಲು ಕೆಳಗಿಳಿಸಿದರೆ, ಸಂಗೀತ ನಿಂತಿತೆಂಬುದೇ ಯಾರಿಗೂ ತಿಳಿಯಲಿಲ್ಲ. ಬೀದಿಯಲ್ಲಿ ಹಾಡುವ, ನುಡಿಸುವ ಎಲ್ಲರ ದಿನಚರಿಯೂ ಇದೇ. ಬೆಲ್ ಅವರಿಗೆ ಅದು 43 ನಿಮಿಷಕ್ಕೆ ಮುಗಿಯಿತು. ಉಳಿದವರು ನಾಳೆ ಬೆಳಗ್ಗೆ ಮತ್ತೆ ಬಂದು ಅದೇ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು.

ಹಾಗೆಂದು ಹಾದುಹೋದ ಸಾವಿರ ಜನರನ್ನು ಅರಸಿಕರೆಂದು ಬೈಯುವುದು ನ್ಯಾಯವಲ್ಲ. ಅವರಲ್ಲಿ ಬಹುಪಾಲು ಮಂದಿ ಸರ್ಕಾರಿ ಕಚೇರಿಗೆ ಹೊರಟ ನೌಕರರು. ಹಾಜರಿ ಪುಸ್ತಕದ ಭಯ ಎಂತಹುದೆಂದು ನೌಕರಿ ಮಾಡಿದವರನ್ನು ಕೇಳಿ. ಜೊತೆಗೆ, ನಾವು ದೊಡ್ಡವರು ಸಂಗೀತ ಕೇಳುವುದಕ್ಕೂ ಹೊತ್ತು, ಜಾಗ, ಟಿಕೆಟ್ಟು, ಹೆಸರು ಎಲ್ಲ ಬೇಕು ಎಂದು ಅಭ್ಯಾಸ ಮಾಡಿಕೊಂಡಿದ್ದೇವೆ. 2014ರ ಸೆಪ್ಟೆಂಬರ್ 30ರಂದು ಬೆಲ್ ಅದೇ ವಾಷಿಂಗ್ಟನ್ನಿನ ಯೂನಿಯನ್ ಸ್ಟೇಷನ್ ಎಂಬ ರೈಲು ನಿಲ್ದಾಣದಲ್ಲಿ ಯುವ ಕಲಾವಿದರನ್ನು ಕೂರಿಸಿಕೊಂಡು ಮತ್ತೆ ನುಡಿಸಿದರು. ಆ ಸಲ ಮುಂಚೆಯೇ ಸುದ್ದಿ ಕೊಟ್ಟಿದ್ದರು. ಜನ ಕಿಕ್ಕಿರಿದು ಬಂದರು.

ಆದರೆ ಮೊದಲ ಸಲ, ಹೆಸರು ಗೊತ್ತಿಲ್ಲದಾಗಲೂ ನಿಲ್ಲಲು ಬಯಸಿದವರು ಮಕ್ಕಳು. ಕ್ಯಾಮೆರಾದ ಚಿತ್ರವನ್ನು ಕೂತು ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಬಡವ ಬಲ್ಲಿದ, ಕರಿಯ ಬಿಳಿಯ, ಗಂಡು ಹೆಣ್ಣು ಎಂಬ ಯಾವ ವಿಂಗಡಣೆಯಲ್ಲೂ ಇಂಥವರು ನಿಂತರು, ಇಂಥವರು ನಿಲ್ಲಲಿಲ್ಲ ಎಂದು ಹೇಳುವಂತಿರಲಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಒಂದೇ ಒಂದು ಬಾರಿಯೂ ತಪ್ಪಲಿಲ್ಲ: ಹಾದುಹೋದ ಪ್ರತಿಯೊಂದು ಮಗುವೂ ನಿಂತು ನೋಡಲು ಪ್ರಯತ್ನಿಸಿತು, ಪ್ರತಿಯೊಂದು ಸಲವೂ ಜೊತೆಗಿದ್ದ ದೊಡ್ಡವರು ಎಳೆದುಕೊಂಡು ಹೋದರು. ಮೂರು ವರ್ಷದ ಒಬ್ಬ ಹುಡುಗ ಅಮ್ಮನ ಕೈ ಹಿಡಿದು ನಡೆಯುತ್ತಲೇ ಮತ್ತೆ ಮತ್ತೆ ಹಿಂತಿರುಗಿ ನೋಡುತ್ತಿದ್ದ. ಆಕೆಗೆ ತರಬೇತಿಗೆ ಹೊತ್ತಾಗಿತ್ತು, ಮಗುವನ್ನು ಶಿಶುವಿಹಾರಕ್ಕೂ ಬಿಡಬೇಕಿತ್ತು. ಕೊನೆಗೆ ಮಗುವಿಗೂ ವಾದಕನಿಗೂ ನಡುವೆ ತಾನೇ ಅಡ್ಡವಾಗಿ ನಡೆದು, ಅವನ ನೋಟಕ್ಕೆ ಮರೆಯಾದಳು. ಆ ತಾಯಿ ಕೆಟ್ಟವಳಲ್ಲ. ಅವಸರದ ಬೆಳಗಿನಲ್ಲಿ ನಮ್ಮೆಲ್ಲರ ಮನೆಯಲ್ಲೂ ನಡೆಯುವುದೇ ಇದು. ಆದರೆ ಹತ್ತು ಸಲ ಹೀಗೆ ಎಳೆಸಿಕೊಂಡ ಮಗು ಹನ್ನೊಂದನೆಯ ಸಲ ತಾನಾಗಿಯೇ ನಿಲ್ಲದೆ ನಡೆಯುತ್ತದೆ. ನಾವು ಅದನ್ನೇ ಬುದ್ಧಿ ಬಂತು ಎನ್ನುತ್ತೇವೆ.

ನಮ್ಮ ಕಡೆ ಇದಕ್ಕೆ ಬೇರೆಯೇ ಒಂದು ಪದ್ಧತಿಯಿತ್ತು. ಕಿನ್ನರಿ ಹಿಡಿದ ಜೋಗಿ, ತಂಬೂರಿ ಮೀಟುವ ತತ್ವಪದದವರು, ಶಂಖ ಜಾಗಟೆಯ ದಾಸಯ್ಯ ಬಾಗಿಲಿಗೆ ಬಂದರೆ ಅಜ್ಜಿಯರು ತಾವೇ ಹೋಗಿ ಕೊಡುತ್ತಿರಲಿಲ್ಲ. ಮನೆಯ ಚಿಕ್ಕ ಮಗುವನ್ನು ಕರೆದು, ಅದರ ಎರಡು ಬೊಗಸೆಗೆ ರಾಗಿಯನ್ನೋ ಅಕ್ಕಿಯನ್ನೋ ತುಂಬಿ, “ಹೋಗು, ಚೆಲ್ಲದೆ ಹಾಕಿ ಬಾ” ಎಂದು ಕಳಿಸುತ್ತಿದ್ದರು. ಪುಟ್ಟ ಹೆಜ್ಜೆಯಿಟ್ಟು ಮಗು ಹೊಸ್ತಿಲು ದಾಟುವಷ್ಟರಲ್ಲಿ ಒಂದು ಪದ ಪೂರ್ತಿ ಕೇಳಿ ಆಗಿರುತ್ತಿತ್ತು. ವಾದ್ಯ ಹತ್ತಿರದಿಂದ ಕಾಣುತ್ತಿತ್ತು, ಹಾಡಿದವರ ಮುಖ ನೋಡಿದಂತಾಗುತ್ತಿತ್ತು.

ಬೀದಿಯಲ್ಲಿ ಹಾಡುವುದು ನಮ್ಮಲ್ಲಿ ಕೀಳೆನಿಸಿಕೊಂಡಿರಲಿಲ್ಲ ಎನ್ನುವುದಕ್ಕೆ ಪುರಂದರದಾಸರಿಗಿಂತ ದೊಡ್ಡ ಸಾಕ್ಷಿ ಬೇಡ. ಲೇವಾದೇವಿ ಮಾಡುತ್ತಿದ್ದ ಸಿರಿವಂತ ಎಲ್ಲವನ್ನೂ ಬಿಟ್ಟು, ತಂಬೂರಿ ಗೆಜ್ಜೆ ಹಿಡಿದು ಮನೆಮನೆಯ ಮುಂದೆ ಹಾಡಿ ಯಾಯಿವಾರ ಮಾಡಿದರೆಂದು ಪರಂಪರೆ ಹೇಳುತ್ತದೆ. ಇವತ್ತು ಕರ್ನಾಟಕ ಸಂಗೀತದ ಪಾಠಕ್ಕೆ ಕೂತ ಮಗು ಮಾಯಾಮಾಳವಗೌಳದಲ್ಲಿ ಮೊದಲು ಕಲಿಯುವ ಸರಳೆ ವರಸೆ ಅವರು ಹಾಕಿಕೊಟ್ಟ ಕ್ರಮವೆಂದೇ ಪ್ರತೀತಿ. ಪಾಠಕ್ಕೆ ಶುಲ್ಕ ಕಟ್ಟಿ ಕಳಿಸುವ ನಾವು, ದಾರಿಯಲ್ಲಿ ಹಾಡುವವರು ಸಿಕ್ಕರೆ ಬೇಗ ನಡಿ ಎನ್ನುತ್ತೇವೆ.

ಕಾಯಿದೆಯ ಕಣ್ಣಿಗಂತೂ ಈ ವ್ಯತ್ಯಾಸ ಕಾಣಲಿಲ್ಲ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯಿದೆ ಹಾಡುವ, ಕುಣಿಯುವ ನೆಪದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಕಾಸು ಪಡೆಯುವುದನ್ನೂ ಭಿಕ್ಷೆಯೆಂದೇ ಬರೆಯಿತು. ‘ನೆಪ’ ಎಂಬ ಮಾತನ್ನು ಗಮನಿಸಿ. ಲಂಡನ್ನಿನ ಭೂಗತ ರೈಲಿನವರು ಮಾತ್ರ 2003ರಲ್ಲಿ ಬೇರೆ ದಾರಿ ಹಿಡಿದರು. ಹಾಡುವವರಿಗೆ ಪರೀಕ್ಷೆ ಮಾಡಿ ಪರವಾನಗಿ ಕೊಟ್ಟು, ನಿಲ್ಲಲು ಜಾಗ ಗುರುತು ಮಾಡಿ, ಸರದಿ ಪ್ರಕಾರ ಹೊತ್ತು ಹಂಚಿದರು. ಅಲ್ಲಿ ಅದು ಕೆಲಸ.

ಹಾಗಾದರೆ ಪೆಟ್ಟಿಗೆಗೆ ಹಾಕುವ ಹಣವನ್ನು ಯಾವ ಖಾತೆಗೆ ಬರೆಯಬೇಕು? ನನ್ನ ಲೆಕ್ಕದಲ್ಲಿ ಇದು ಹೀಗೆ ನಿರ್ಧಾರವಾಗುತ್ತದೆ: ಕೇಳದೆ ಎಸೆದು ಹೋದರೆ ದಾನ, ನಿಂತು ಕೇಳಿ ಕೊಟ್ಟರೆ ದುಡಿಮೆಗೆ ತೆತ್ತ ಕೂಲಿ. ನೋಟು ಒಂದೇ ಆದರೂ ಪಡೆಯುವವರಿಗೆ ವ್ಯತ್ಯಾಸ ತಿಳಿಯುತ್ತದೆ.

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಗಿಟಾರ್ ಹಿಡಿದ ಹುಡುಗರು ಸಿಗುತ್ತಾರೆ. ಜಾತ್ರೆಯಲ್ಲಿ, ರೈಲಿನ ಬೋಗಿಯಲ್ಲಿ, ದೇವಸ್ಥಾನದ ಬೀದಿಯಲ್ಲಿ ಹಾರ್ಮೋನಿಯಂ, ಏಕತಾರಿ ಹಿಡಿದವರು ಸಿಗುತ್ತಾರೆ. ಮುಂದಿನ ಸಲ ಸಿಕ್ಕಾಗ, ನಿಮ್ಮ ಕೈ ಹಿಡಿದ ಮಗು ನಿಂತರೆ, ನೀವೂ ಒಂದು ನಿಮಿಷ ನಿಲ್ಲಿ. ಬಸ್ಸು ತಪ್ಪುವಂತಿದ್ದರೆ ಬೇಡ. ತಪ್ಪದಿದ್ದರೆ ಒಂದು ಪದ ಮುಗಿಯುವವರೆಗೆ ಇರಿ. ಮೊಬೈಲ್ ಎತ್ತಿ ವಿಡಿಯೊ ಮಾಡುವ ಮುಂಚೆ ಒಂದು ಮಾತು ಕೇಳಿ. ಕ್ಯೂಆರ್ ಕೋಡ್ ಇದ್ದರೂ ಹತ್ತು ರೂಪಾಯಿಯ ಒಂದು ನೋಟನ್ನು ಮಗುವಿನ ಕೈಗೆ ಕೊಟ್ಟು ಅದರಿಂದಲೇ ಹಾಕಿಸಿ, ಎಸೆಯದೆ ಬಗ್ಗಿ ಇಡಲು ಹೇಳಿ.

ಮಕ್ಕಳೇ, ನಿಮಗೊಂದು ಮಾತು. ಹಾಡು ಮುಗಿದ ಮೇಲೆ ಅಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನೀವು ತಟ್ಟಿ. ಅದಕ್ಕೆ ಅಪ್ಪ ಅಮ್ಮನ ಹತ್ತಿರ ದುಡ್ಡು ಕೇಳಬೇಕಾಗಿಲ್ಲ.