ಅಬ್ಬಲೂರಿನ ಕಥೆ ಮತ್ತು ಹಲವು ಮಾಧ್ಯಮಗಳ ಕಥನ

ಒಂದು ಕಥೆಯನ್ನು ಹಲವು ಮಾಧ್ಯಮಗಳಿಗೆ ಹಂಚಿ, ಪ್ರತಿ ಮಾಧ್ಯಮದಲ್ಲೂ ಅದರ ಬೇರೊಂದು ಭಾಗವನ್ನೇ ಹೇಳಿ, ಎಲ್ಲವನ್ನೂ ಕೂಡಿಸಿಕೊಂಡವರಿಗೆ ಪೂರ್ಣ ಚಿತ್ರ ಸಿಗುವಂತೆ ಕಟ್ಟುವುದೇ ಟ್ರಾನ್ಸ್‌ಮೀಡಿಯಾ ಕಥನ. ಅಮೆರಿಕದ ಮಾಧ್ಯಮ ವಿದ್ವಾಂಸ ಹೆನ್ರಿ ಜೆಂಕಿನ್ಸ್ 2003ರ ಲೇಖನದಲ್ಲೂ 2006ರ ಪುಸ್ತಕದಲ್ಲೂ ಇದನ್ನು ವಿವರಿಸಿದ ಮೇಲೆ ಈ ಹೆಸರು ಎಲ್ಲೆಡೆ ಬಳಕೆಗೆ ಬಂತು. ಅವರ ಮುಖ್ಯ ಉದಾಹರಣೆ 'ದಿ ಮೇಟ್ರಿಕ್ಸ್'. ಅದರ ಕಿರು ಅನಿಮೇಷನ್ ಚಿತ್ರವೊಂದರಲ್ಲಿ ನಾಯಕಿ ಸಾಯುವ ಮುನ್ನ ಒಂದು ಸಂದೇಶವನ್ನು ಅಂಚೆಪೆಟ್ಟಿಗೆಗೆ ಹಾಕುತ್ತಾಳೆ. ವಿಡಿಯೋ ಗೇಮಿನಲ್ಲಿ ಆಟಗಾರ ಅದನ್ನು ಪಡೆಯುತ್ತಾನೆ. 2003ರ ಸಿನಿಮಾದ ಪಾತ್ರಗಳು ಆ ಸುದ್ದಿಯನ್ನು ಚರ್ಚಿಸುತ್ತವೆ. ಭಾರತದಲ್ಲಿ 'ಬಾಹುಬಲಿ' ಇದೇ ದಾರಿ ಹಿಡಿಯಿತು. ಸಿನಿಮಾದಲ್ಲಿ ರಾಜಮಾತೆಯಾಗಿ ಕಾಣುವ ಶಿವಗಾಮಿಯ ಹರೆಯವನ್ನು ಆನಂದ್ ನೀಲಕಂಠನ್ 2017ರಲ್ಲಿ ಕಾದಂಬರಿಯಾಗಿ ಬರೆದರು.

ಜನಪ್ರಿಯ ಕೃತಿಯೊಂದು ಪುಸ್ತಕದಿಂದ ಸಿನಿಮಾಕ್ಕೆ, ಸಿನಿಮಾದಿಂದ ಧಾರಾವಾಹಿಗೆ ಹೋದರೆ ಅದು ರೂಪಾಂತರ. ಅಲ್ಲಿ ಕಥೆ ಅದೇ, ಉಡುಗೆ ಬೇರೆ. ಶಿಗ್ಗಾಂವಿ ಕಡೆಯ ಶಿಶುನಾಳ ಶರೀಫರ ಪದಗಳು ಭಜನಾ ಮೇಳಗಳಲ್ಲಿ ಉಳಿದು, ಸಿ. ಅಶ್ವತ್ಥ್ ಅವರ ದನಿಯಲ್ಲಿ ಕ್ಯಾಸೆಟ್ಟಿಗೆ ಬಂದು, 1990ರಲ್ಲಿ ಟಿ.ಎಸ್. ನಾಗಾಭರಣರ ಸಿನಿಮಾದ ಮೂಲಕ ಕನ್ನಡ ನಾಡನ್ನೆಲ್ಲ ತಲುಪಿದವು. ಇದು ದೊಡ್ಡ ಸಾಂಸ್ಕೃತಿಕ ಕೆಲಸವೇ. ಆದರೆ ಭಜನೆ ಕೇಳಿದವನಿಗೆ ಕ್ಯಾಸೆಟ್ಟಿನಲ್ಲಿ ಸಿಗುವುದು ಹೊಸ ರಾಗ ಸಂಯೋಜನೆ, ಪದದ ಹೊಸ ಚರಣವಲ್ಲ. ಒಂದು ಮಾಧ್ಯಮದಲ್ಲಿ ಬಿಟ್ಟ ಜಾಗವನ್ನು ಇನ್ನೊಂದು ತುಂಬಬೇಕೆಂಬುದು ಟ್ರಾನ್ಸ್‌ಮೀಡಿಯಾದ ಬೇಡಿಕೆ.

ಈ ಬೇಡಿಕೆಯನ್ನು ಪೂರೈಸುವ ಹಳೆಯ ಕನ್ನಡ ಕಥೆಯೊಂದು ಹಾವೇರಿ ಜಿಲ್ಲೆಯ, ಚಿಕ್ಕೇರೂರು ಸೇರಿದ ಹಿರೇಕೆರೂರು ಸೀಮೆಯಲ್ಲೇ ಇದೆ. ಅದು ಅಬ್ಬಲೂರಿನ ಏಕಾಂತದ ರಾಮಯ್ಯನದು. ಅಲ್ಲಿಯ ಸೋಮೇಶ್ವರ ಗುಡಿಯಲ್ಲಿರುವ ಸುಮಾರು 1200ರ ಶಾಸನ ಅದನ್ನು ವಿವರವಾಗಿ ಹೇಳುತ್ತದೆ. ಆಳಂದೆಯಲ್ಲಿ ಹುಟ್ಟಿದ ಶಿವಭಕ್ತ ರಾಮಯ್ಯ ಹುಲಿಗೆರೆಯ ಮೂಲಕ ಅಬ್ಬಲೂರಿಗೆ ಬರುತ್ತಾನೆ. ಸಂಕಗಾವುಂಡನ ಮುಂದಾಳತ್ವದ ಜೈನರೊಡನೆ ವಾದ ಏಳುತ್ತದೆ. ತಲೆ ಕತ್ತರಿಸಿ ಶಿವನಿಗೆ ಒಪ್ಪಿಸಿ ಮರಳಿ ಪಡೆದರೆ ಜಿನಬಿಂಬವನ್ನು ತೆಗೆದು ಶಿವನನ್ನು ನಿಲ್ಲಿಸುವುದಾಗಿ ಜೈನರು ಓಲೆ ಬರೆದುಕೊಡುತ್ತಾರೆ. ಏಳನೆಯ ದಿನ ತಲೆ ಮರಳುತ್ತದೆ, ಮಾತು ಮುರಿಯುತ್ತದೆ, ಬಸದಿ ಒಡೆಯುತ್ತದೆ. ದೂರು ಬಿಜ್ಜಳನ ಆಸ್ಥಾನಕ್ಕೆ ಹೋಗಿ, ಕೊನೆಗೆ ರಾಮಯ್ಯ ಜಯಪತ್ರವನ್ನೂ ಗುಡಿಗೆ ಭೂದಾನವನ್ನೂ ಪಡೆಯುತ್ತಾನೆ. ಮುಂದೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಮತ್ತು ಹಾನಗಲ್ಲಿನ ಕದಂಬ ಕಾಮದೇವ ಕೊಟ್ಟ ದಾನಗಳೂ ಇದೇ ಶಾಸನದಲ್ಲಿವೆ.

ಶಾಸನದ ಕಾಳಜಿ ದಾನದ ಹಕ್ಕು. ಪವಾಡ ಆ ಹಕ್ಕಿಗೆ ಸಾಕ್ಷಿಯಾಗಿ ಬರುತ್ತದೆ. ಅದೇ ಗುಡಿಯ ಶಿಲ್ಪಗಳ ಗಮನ ಬೇರೆಡೆಗಿದೆ. ಸಂಕಗಾವುಂಡ ಬಸದಿಯನ್ನು ಕಾಯಲು ಆಳು ಕುದುರೆಗಳನ್ನು ನಿಲ್ಲಿಸಿದ ಎಡೆ ಇದು, ರಾಮಯ್ಯ ಕಾದಿ ಗೆದ್ದು ಲಿಂಗವನ್ನು ಸ್ಥಾಪಿಸಿದ ಎಂಬರ್ಥದ ಬರಹ ಶಿಲ್ಪದ ಜೊತೆಗಿದೆ. ಓದು ಬಾರದವನೂ ಅಲ್ಲಿ ಘಟನೆಯ ಎದುರು ನಿಲ್ಲುತ್ತಾನೆ. ಹರಿಹರನ ರಗಳೆ ಇದೇ ವ್ಯಕ್ತಿಯನ್ನು ಭಕ್ತಿಯ ಆವೇಗದಲ್ಲಿ ಕಾಣಿಸುತ್ತದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ 1369ರ ಭೀಮಕವಿಯ ಕನ್ನಡ ಬಸವಪುರಾಣವೂ ಅವನನ್ನು ಬಸವಣ್ಣನ ಕಥೆಯೊಳಗೆ ತರುತ್ತವೆ. ಶಾಸನದಲ್ಲಾದರೋ ಬಸವಣ್ಣನ ಹೆಸರೇ ಇಲ್ಲ. ಇವುಗಳ ಜೊತೆಗೆ 'ಎನ್ನಯ್ಯ ಚೆನ್ನರಾಮ' ಎಂಬ ಅಂಕಿತದ ವಚನಗಳು ಏಕಾಂತರಾಮಿತಂದೆ ಎಂದೂ ಕರೆಯುವ ರಾಮಯ್ಯನ ಹೆಸರಿನಲ್ಲಿ ಉಳಿದಿವೆ. ಉಳಿದೆಲ್ಲ ಕಡೆ ಬೇರೆಯವರ ಬಾಯಲ್ಲಿ ಬರುವ ಮನುಷ್ಯ ಇಲ್ಲಿ ತಾನೇ ಮಾತಾಡುತ್ತಾನೆ. ಕಲ್ಲು, ಶಾಸನ, ರಗಳೆ, ಪುರಾಣ, ವಚನ: ಒಂದರಿಂದ ಇನ್ನೊಂದಕ್ಕೆ ಹೋದವನಿಗೆ ಪ್ರತಿ ಸಲವೂ ಹೊಸದೊಂದು ತಿಳಿಯುತ್ತದೆ.

ಇವನ್ನೆಲ್ಲ ಯಾರೂ ಕೂತು ಯೋಜಿಸಲಿಲ್ಲ, ಯೋಜನೆಯಿಲ್ಲದ್ದನ್ನು ಟ್ರಾನ್ಸ್‌ಮೀಡಿಯಾ ಎನ್ನಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಇಂದಿನ ತಂಡ ಮೊದಲೇ ಕಥಾಲೋಕದ ಕಾಲಾನುಕ್ರಮ, ಪಾತ್ರಗಳ ಸಂಬಂಧ, ಊರಿನ ನಕ್ಷೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟು ಕೆಲಸ ಹಂಚಿಕೊಳ್ಳುತ್ತದೆ. ಅಬ್ಬಲೂರಿನದು ತಲೆಮಾರುಗಳಲ್ಲಿ ಬೆಳೆದದ್ದು. ಆದರೂ ಯಾವ ಮಾಧ್ಯಮಕ್ಕೆ ಯಾವ ಕೆಲಸ ಒಪ್ಪುತ್ತದೆ ಎಂಬ ಪಾಠವನ್ನು ಇಷ್ಟು ಚೆನ್ನಾಗಿ ಕಲಿಸುವ ಉದಾಹರಣೆ ಅಪರೂಪ. ಅದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ. ಈ ಎಲ್ಲ ಮಾಧ್ಯಮಗಳಲ್ಲೂ ಮಾತಾಡುವವರು ಗೆದ್ದವರು. ಸಂಕಗಾವುಂಡ ತನ್ನ ಬಸದಿಯನ್ನು ಕಾಯಲು ನಿಂತವನು. ಅವನಿಗೆ ತನ್ನದೇ ಒಂದು ಸಾಲೂ ಸಿಕ್ಕಿಲ್ಲ. ಸಿನಿಮಾ ಅಥವಾ ಕಾದಂಬರಿಯೊಂದೇ ಆದರೆ ಲೇಖಕ ಒಂದು ಪಕ್ಷ ಹಿಡಿಯುವ ಒತ್ತಡವಿರುತ್ತದೆ. ಹಲವು ಮಾಧ್ಯಮಗಳ ಯೋಜನೆಯಲ್ಲಿ ದೃಶ್ಯವನ್ನು ಒಬ್ಬನ ಕಣ್ಣಿಂದಲೂ ಧ್ವನಿಯನ್ನು ಇನ್ನೊಬ್ಬನ ಬಾಯಿಂದಲೂ ಕೊಡಬಹುದು. ಮತಗಳ ಜಗಳವನ್ನು ಒಳಗೊಂಡ ಇಂಥ ಕಥೆಗೆ ಈ ಹೊಸ ಕಲೆ ನ್ಯಾಯ ಸಲ್ಲಿಸಬಲ್ಲದೆಂದರೆ ಅದು ಇಲ್ಲಿಯೇ. ಸಂಕಗಾವುಂಡನ ಭಾಗವನ್ನು ಬರೆಯದೆ ಉಳಿದುದನ್ನೆಲ್ಲ ಅದ್ದೂರಿಯಾಗಿ ಮಾಡಿದ ಯೋಜನೆ ಎಂಟು ನೂರು ವರ್ಷದ ಹಳೆಯ ಪಕ್ಷಪಾತವನ್ನೇ ಹೊಸ ಯಂತ್ರಗಳಲ್ಲಿ ನಕಲು ಮಾಡಿದಂತಾಗುತ್ತದೆ.

ಎರಡೂ ಪಕ್ಷಗಳನ್ನು ಹೇಳುವ ಯೋಜನೆಗೆ ದೊಡ್ಡ ಬಂಡವಾಳ ಬೇಕಿಲ್ಲ. ಚಿಕ್ಕೇರೂರಿನ ಹೈಸ್ಕೂಲು ಮಕ್ಕಳು ಮೊಬೈಲಿನಲ್ಲಿ ಧ್ವನಿಮುದ್ರಿಸಿದ ಒಂದು ಕಥಾಭಾಗ, ದೊಡ್ಡಾಟದ ಮೇಳವೊಂದು ಆಡುವ ರಾತ್ರಿಯ ಒಂದು ಪ್ರಸಂಗ, ಗುಡಿಯ ಎದುರು ನಿಂತು ಕೇಳುವ ಹತ್ತು ನಿಮಿಷದ ವಿವರಣೆ, ಕೈಯಲ್ಲಿ ಹಿಡಿಯುವ ಸಣ್ಣ ಚಿತ್ರಪುಸ್ತಕ, ಇಷ್ಟಿದ್ದರೆ ಆರಂಭವಾಗುತ್ತದೆ. ಸ್ಥಳವನ್ನೂ ಆಟವನ್ನೂ ಬಲ್ಲ ಕಲಾವಿದರು ಈ ಜಿಲ್ಲೆಗೆ ಹೊಸಬರಲ್ಲ. ಚಿತ್ರಕಲಾವಿದರಾಗಿದ್ದು ದೊಡ್ಡಾಟಕ್ಕೂ ದುಡಿದ ಟಿ.ಬಿ. ಸೊಲಬಕ್ಕನವರ್ ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ಹರಡಿಟ್ಟಿದೆ. ನೋಡುಗ ಅದರೊಳಗೆ ನಡೆದು ಹೋಗುತ್ತಾನೆ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣವನ್ನು ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ನೆನಪಿಗೆ ಮ್ಯೂಸಿಯಂ ಮಾಡಿದ್ದೂ ಕಥೆಯೊಂದು ತೆರೆಯಿಂದಿಳಿದು ನೆಲಕ್ಕೆ ಬಂದ ಬಗೆಯೇ.

ಆದರೆ ಪ್ರತಿ ತುಣುಕೂ ತನ್ನಷ್ಟಕ್ಕೆ ನಿಲ್ಲಬೇಕು. ಬರೀ ದೊಡ್ಡಾಟ ನೋಡಿ ಮನೆಗೆ ಹೋದವನಿಗೂ ಆ ರಾತ್ರಿ ತುಂಬಿದ್ದಾಗಿರಬೇಕು. ಉಳಿದದ್ದು ತಿಳಿಯಲು ಮೊಬೈಲು ತೆರೆಯಿರಿ ಎಂದು ಅವನನ್ನು ಅರ್ಧಕ್ಕೆ ಬಿಡುವುದು ಜಾಹೀರಾತಿನ ತಂತ್ರ, ಕಥನವಲ್ಲ. ಉಳಿಯುವಿಕೆಯ ಪ್ರಶ್ನೆಯೂ ಇದೆ. 'ಮೇಟ್ರಿಕ್ಸ್' ಕಥೆಯನ್ನು ಮುಂದುವರಿಸಲು 2005ರಲ್ಲಿ ಶುರುವಾದ ಆನ್‌ಲೈನ್ ಗೇಮ್ 2009ರಲ್ಲಿ ಮುಚ್ಚಿತು. ಅದರೊಳಗೆ ನಡೆದ ಕಥಾಭಾಗವನ್ನು ಈಗ ಆಡಿ ನೋಡಲು ಬರುವುದಿಲ್ಲ, ಇನ್ನೊಬ್ಬರು ಬರೆದಿಟ್ಟಿದ್ದರಷ್ಟೇ ತಿಳಿಯಬೇಕು. ಆದ್ದರಿಂದ ಅಬ್ಬಲೂರಿನಂಥ ಕಥೆಗೆ ಕೈಹಾಕುವವರು ಧ್ವನಿ, ಚಿತ್ರ, ಆಟಗಳ ಪಠ್ಯವನ್ನೆಲ್ಲ ಅಚ್ಚು ಹಾಕಿಸಿ ಹತ್ತಿರದ ಶಾಲೆ, ಗ್ರಂಥಾಲಯಗಳಲ್ಲಿ ಇಡುವ ಖರ್ಚನ್ನೂ ಮೊದಲ ದಿನದ ಲೆಕ್ಕದಲ್ಲೇ ಸೇರಿಸಿಕೊಳ್ಳಬೇಕು.